ಗಣಪ ಭಂಡಾರಿಯ ಕಾಲು

ಗಣಪ ಭಂಡಾರಿ ಹೊನ್ನಾವರದ ಪೇಟೆಯಲ್ಲಿ ಒಂದು ಆಯುಷ್ಯವಿಡೀ ಕ್ಷೌರದಂಗಡಿ ನಡೆಸಿದ. ಅಷ್ಟು ಕಾಲದಲ್ಲಿ ಅವನು ಅಂಗಡಿಯೊಳಗೆ ಕೂತದ್ದನ್ನು ಕಂಡವರಿಲ್ಲ. ಗಿರಾಕಿ ಇದ್ದಾಗ ನಿಲ್ಲಲೇಬೇಕು, ಅದು ಸರಿ. ಗಿರಾಕಿ ಇಲ್ಲದ ಮಧ್ಯಾಹ್ನದ ಹೊತ್ತಿನಲ್ಲೂ ಅವನು ಕುರ್ಚಿಯ ಬೆನ್ನಿಗೆ ಕೈಯಿಟ್ಟುಕೊಂಡು ರಸ್ತೆ ನೋಡುತ್ತ ನಿಂತೇ ಇರುತ್ತಿದ್ದ. ಗೋಡೆಗೆ ತಾಗಿ ಬೆಂಚು ಇತ್ತು, ಅದು ಗಿರಾಕಿಗಳದ್ದು. ಪೇಪರು ಓದಲು ಬಂದವರು, ಬಸ್ಸು ತಪ್ಪಿದವರು, ಮನೆಯಲ್ಲಿ ಹೆಂಡತಿಯೊಡನೆ ಜಗಳವಾಡಿ ಬಂದವರು ಎಲ್ಲರೂ ಆ ಬೆಂಚಿನ ಮೇಲೆ ಕೂತರು. ಅಂಗಡಿಯ ಧಣಿ ಮಾತ್ರ ಕೂರಲಿಲ್ಲ.

ಈ ಬುದ್ಧಿ ಅವನಿಗೆ ಬಂದದ್ದು ಭಟ್ಕಳದಲ್ಲಿ. ಮೀಸೆ ಮೂಡುವ ವಯಸ್ಸಿಗೆ ಅಲ್ಲಿನ ಪೇಟೆಯ ಒಂದು ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದ್ದ. ದುಬೈ, ಮಸ್ಕತ್ತಿನಿಂದ ರಜೆಯ ಮೇಲೆ ಬಂದವರು ಅತ್ತರು ಪೂಸಿಕೊಂಡು ಗಡ್ಡ ತಿದ್ದಿಸಿಕೊಳ್ಳಲು ಬರುತ್ತಿದ್ದ ಅಂಗಡಿ ಅದು. ಹುಡುಗ ಒಂದು ದಿನ ಆಯಾಸಗೊಂಡು ಸ್ಟೂಲಿನ ಮೇಲೆ ಕೂತಾಗ ಯಜಮಾನ ಸ್ಟೂಲನ್ನೇ ಎತ್ತಿ ಬೀದಿಗೆ ಒಗೆದನಂತೆ. "ಬಾಗಿಲಿಗೆ ಬಂದವ ನೀ ಕೂತದ್ದು ಕಂಡ್ರೆ ಮುಂದಿನ ಅಂಗ್ಡಿಗೆ ಹೋಗ್ತ. ನಿಂತವನ ಕೈಗೇ ಕೆಲ್ಸ," ಎಂದನಂತೆ. ಗಣಪ ಅದನ್ನು ಗುರುವಾಕ್ಯದಂತೆ ತಲೆಯ ಮೇಲಿಟ್ಟುಕೊಂಡ. ಆ ಯಜಮಾನ ಈಗ ಸತ್ತು ಸ್ವರ್ಗ ಸೇರಿರಬಹುದು. ಅಲ್ಲಿಯಾದರೂ ಅವನಿಗೆ ಕೂರಲು ಸ್ಟೂಲು ಸಿಗದಿರಲಿ.

ಗಣಪನ ಕೈ ಹಗುರ. ಅವನ ಕೈಗೆ ಗಲ್ಲ ಕೊಟ್ಟವರಿಗೆ ನಿದ್ದೆ ಹತ್ತುತ್ತಿತ್ತು. ಹಿರಿಯರು ಅವನನ್ನು ಗಣಪ ಎಂದರೆ, ಕಿರಿಯರು ಗಣಪಣ್ಣ ಎನ್ನುತ್ತಿದ್ದರು. ಊರಿನ ಹತ್ತಾರು ಮನೆಗಳಿಗೆ ಅವನು ಅಂಗಡಿಯವನಷ್ಟೇ ಅಲ್ಲ, ಮನೆಯ ಭಂಡಾರಿ. ಅವರ ಮನೆಯಲ್ಲಿ ಮಗುವಿನ ಮೊದಲ ಕೂದಲು ತೆಗೆಯುವವನೂ ಅವನೇ, ಮನೆಯ ಹಿರಿಯ ತೀರಿಕೊಂಡರೆ ಶರಾವತಿಯ ದಂಡೆಯಲ್ಲಿ ಗಂಡುಮಕ್ಕಳ ತಲೆ, ಮೀಸೆ ಬೋಳಿಸುವವನೂ ಅವನೇ. ಹಾಗಾಗಿ ಯಾರ ಅಪ್ಪ ಬದುಕಿದ್ದಾನೆ, ಯಾರ ಅಪ್ಪ ಇಲ್ಲ ಎಂಬುದು ಅವನಿಗೆ ಬಾಯಿಪಾಠ. ಅಪ್ಪ ಬದುಕಿರುವಾಗ ಮಗನ ಮೀಸೆಗೆ ಕತ್ತಿ ಇಡಬಾರದು. ಮೀಸೆ ತೆಗೆಯಲು ಹೇಳಿದ ಕಾಲೇಜು ಹುಡುಗರನ್ನು ಗಣಪ ಬೈದು ಎಬ್ಬಿಸಿ ಕಳಿಸಿದ್ದುಂಟು.

ಹೆಂಡತಿ ಗಂಗಾ ಹಿರೇಗುತ್ತಿಯ ಕಡೆಯವಳು. ಅವರಿಗೆ ಮಕ್ಕಳಾಗಲಿಲ್ಲ. ರಾಮತೀರ್ಥದ ಹತ್ತಿರ ಎರಡು ಕೋಣೆಯ ಮನೆ, ಅಂಗಳದಲ್ಲಿ ಅಬ್ಬಲಿಗೆ ಗಿಡ. ಅವಳು ಹೂ ಕಟ್ಟಿ ಮಾರುತ್ತಿದ್ದಳು. ಗಂಡನ ಕಾಲನ್ನು ಮೊದಲು ಗಮನಿಸಿದವಳು ಅವಳೇ. ಅವನು ಸ್ನಾನ ಮಾಡಿ ಲುಂಗಿ ಎತ್ತಿ ಕಟ್ಟಿದಾಗ ಮೊಣಕಾಲ ಕೆಳಗೆ ನೀಲಿ ನರಗಳು ಹುರಿಹಗ್ಗದಂತೆ ಗಂಟುಗಂಟಾಗಿ ಎದ್ದಿದ್ದವು. ಸಂಜೆಯ ಹೊತ್ತಿಗೆ ಪಾದ ಬಾತು ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತುಹೋಗುತ್ತಿತ್ತು. ಅವಳು ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕುವಳು, ಅವನು ಗೊರಕೆ ಹೊಡೆಯುವನು. ಬೆಳಿಗ್ಗೆ ಮತ್ತೆ ನಿಲ್ಲಲು ಹೋಗುವನು.

ಕೊಂಕಣ ರೈಲು ಹೊಸದಾಗಿ ಓಡತೊಡಗಿದ ವರ್ಷ ಹಿಮ್ಮಡಿಯ ಮೇಲಿನ ಚರ್ಮ ಕಪ್ಪಾಗಿ ತುರಿಸತೊಡಗಿತು. ಆಗ ಗಂಗಾ ಹಟ ಹಿಡಿದು ಅವನನ್ನು ಕುಮಟೆಯ ಡಾಕ್ಟರಲ್ಲಿಗೆ ಕರೆದುಕೊಂಡು ಹೋದಳು. ಡಾಕ್ಟರು ಒಳ್ಳೆಯವರು, ಬಿಡಿಸಿ ಹೇಳುವ ತಾಳ್ಮೆ ಇದ್ದವರು. ಕಾಲಿನ ರಕ್ತ ಮೇಲೆ ಹತ್ತುವ ದಾರಿಯಲ್ಲಿ ನರದೊಳಗೆ ಸಣ್ಣ ಸಣ್ಣ ಬಾಗಿಲುಗಳಿರುತ್ತವೆ, ವರ್ಷಗಟ್ಟಲೆ ನಿಂತು ನಿಂತು ಆ ಬಾಗಿಲುಗಳು ಸಡಿಲಾಗಿವೆ, ಹತ್ತಬೇಕಾದ ರಕ್ತ ಕೆಳಗೇ ನಿಲ್ಲುತ್ತಿದೆ ಎಂದರು. ಆಪರೇಷನ್ ಮಾಡಿ ಕೆಟ್ಟ ನರ ತೆಗೆಯಬಹುದು, ಆಮೇಲೆ ಸ್ವಲ್ಪ ಕಾಲ ಅಂಗಡಿಗೆ ಹೋಗುವಂತಿಲ್ಲ, ಹೋದ ಮೇಲೂ ನಡುನಡುವೆ ಕೂರಬೇಕು.

"ಕೂತು ಕೆಲ್ಸ ಮಾಡೂ ಭಂಡಾರಿಯ ಎಲ್ಲಾದ್ರೂ ಕಂಡ್ರ್ಯಾ ಡಾಕ್ಟ್ರೆ?" ಎಂದ ಗಣಪ. "ಅಂಗ್ಡಿ ಬಾಗ್ಲು ಹಾಕ್ದೆ ಅಂದ್ರೆ ಗಿರಾಕಿ ಬೇರೆ ಕಡೆ ತಲೆ ಕೊಟ್ಟು ರೂಢಿ ಮಾಡ್ಕಳ್ತ. ತಿರುಗಿ ಬರೂದಿಲ್ಲ."

ಡಾಕ್ಟರು ಗಂಗಾಳ ಮುಖ ನೋಡಿದರು. ಅವಳೂ ಗಂಡನನ್ನು ಒತ್ತಾಯಿಸಲಿಲ್ಲ. ನರ ಉಬ್ಬಿದವರು ಊರಲ್ಲಿ ಬೇಕಾದಷ್ಟು ಜನರಿದ್ದರು. ಬಸ್ಸಿನ ಕಂಡಕ್ಟರರು, ಹೋಟೆಲಿನ ಅಡುಗೆಯವರು, ಗದ್ದೆಯಲ್ಲಿ ನೆಟ್ಟಿ ನೆಡುವ ಹೆಂಗಸರು. ಅದರಿಂದ ಯಾರೂ ಸತ್ತದ್ದನ್ನು ಅವಳು ಕೇಳಿರಲಿಲ್ಲ. ಡಾಕ್ಟರು ಮೊಣಕಾಲವರೆಗಿನ ಬಿಗಿ ಕಾಲುಚೀಲ ಕೊಡಿಸಿದರು. ಗಣಪ ಅದನ್ನು ಒಂದು ವಾರ ಹಾಕಿದ. ಬೆಂಚಿನ ಮೇಲೆ ಕೂತವರು "ಎಂತ ಗಣಪಣ್ಣ, ಇಸ್ಕೂಲಿಗೆ ಹೊರಟ್ಯಾ?" ಎಂದು ನಕ್ಕರು. ಕಾಲುಚೀಲ ಗೂಟಕ್ಕೆ ಹೋಯಿತು. ಅಲ್ಲಿಗೆ ಕಾಲಿನ ಚಿಕಿತ್ಸೆ ಮುಗಿಯಿತು.

ಕಪ್ಪಾದ ಜಾಗ ಒಡೆದು ಹುಣ್ಣಾಯಿತು. ಹುಣ್ಣು ಮಳೆಗಾಲದಲ್ಲಿ ಸೋರುವುದು, ಬೇಸಗೆಯಲ್ಲಿ ಒಣಗಿದಂತೆ ಮಾಡುವುದು. ಗಂಗಾ ದಿನಾ ಮಧ್ಯಾಹ್ನ ಊಟದ ಬುತ್ತಿಯ ಜೊತೆ ಹೊಸ ಪಟ್ಟಿ ತಂದು, ಅಂಗಡಿಯ ಹಿಂದಿನ ಪರದೆಯ ಮರೆಯಲ್ಲಿ ಕಾಲು ತೊಳೆದು ಕಟ್ಟುವಳು. ಆಗಲೂ ಅವನು ಗೋಡೆ ಹಿಡಿದು ನಿಂತಿರುತ್ತಿದ್ದ. ಅವಳೇ ನೆಲದ ಮೇಲೆ ಕೂರಬೇಕಿತ್ತು.

ಹೀಗೆ ಐದಾರು ವರ್ಷ ಕಳೆಯಿತು. ಆಮೇಲೆ ಇನ್ನೊಂದು ಶುರುವಾಯಿತು.

ಮೊದಮೊದಲು ಅದು ನಗುವಂಥದ್ದೇ ಆಗಿತ್ತು. ಕೈಯಲ್ಲಿ ಬಾಚಣಿಗೆ ಹಿಡಿದುಕೊಂಡೇ ಬಾಚಣಿಗೆ ಹುಡುಕುವುದು. ಒಂದೇ ಗಲ್ಲಕ್ಕೆ ಎರಡು ಸಲ ನೊರೆ ಹಚ್ಚುವುದು. ಮಂಗಳವಾರ ಭಂಡಾರಿಗಳಿಗೆ ರಜೆ, ಅದನ್ನು ಮರೆತು ಹೋಗಿ ಬಾಗಿಲು ತೆರೆದು ಗಿರಾಕಿ ಯಾಕೆ ಬರಲಿಲ್ಲ ಎಂದು ಬೇಜಾರು ಮಾಡಿಕೊಳ್ಳುವುದು. ಪೇಟೆಯವರು ಅದನ್ನು ಅರಳುಮರಳು ಎಂದರು. ಅವನಿಗಾಗ ಅರವತ್ತೂ ಆಗಿರಲಿಲ್ಲ. ಒಂದು ದಿನ ಊಟಕ್ಕೆ ಕೂತವನು, "ಅವ್ವಿ ಉಂಡಳಾ?" ಎಂದು ಕೇಳಿದ. ಅವನ ತಾಯಿ ಸತ್ತು ಅವಳ ತಿಥಿಯ ಲೆಕ್ಕವೂ ತಪ್ಪಿಹೋಗಿತ್ತು. ಗಂಗಾಳಿಗೆ ಹೆದರಿಕೆಯಾಯಿತು, ಅಳು ಬರಲಿಲ್ಲ, ಬರೇ ಹೆದರಿಕೆ.

ಮತ್ತೆ ಕುಮಟೆಗೆ ಹೋದರು. ಡಾಕ್ಟರು ಹುಣ್ಣು ನೋಡಿ ಬೈದರು. ಗಂಗಾ ಕಾಲಿನ ಮಾತು ಮುಗಿಯುವವರೆಗೆ ಕಾದು, ಗಂಡನನ್ನು ಹೊರಗೆ ಕೂರಿಸಿ ಬಂದು, ಮೆಲ್ಲಗೆ ಮರೆವಿನ ಸಂಗತಿ ಹೇಳಿದಳು.

"ಡಾಕ್ಟ್ರೆ, ಕಾಲಲ್ಲಿ ನಿಂತ ರಕ್ತ ತಲೆಗೆ ಹತ್ತೂದಿಲ್ಲ, ಅದ್ಕೇ ಹಿಂಗಾತದ್ಯಾ? ಕಾಲಿಗೂ ತಲೆಗೂ ಎಂತಾರೂ ಸಂಬಂಧ ಅದ್ಯಾ?"

ಡಾಕ್ಟರು ನಕ್ಕರು. ಕೆಟ್ಟ ನಗುವಲ್ಲ. "ಇಲ್ಲಮ್ಮ. ಕಾಲಿನ ಕಾಯಿಲೆ ಕಾಲಿಗೆ, ತಲೆಯದ್ದು ತಲೆಗೆ. ನೋವಿಗೆ ನಿದ್ದೆ ಸರಿ ಇಲ್ಲ, ವಯಸ್ಸೂ ಆಯ್ತು, ಅಷ್ಟೇ. ನಿಲ್ಲುವುದನ್ನು ಬಿಡಿಸು. ಇಲ್ಲದಿದ್ದರೆ ಈ ಕಾಲು ಉಳಿಯುವುದಿಲ್ಲ."

ಈಗೀಗ ಎಲ್ಲೆಲ್ಲಿಯೋ ವೈದ್ಯರು ಸಾವಿರಾರು ರೋಗಿಗಳನ್ನು ನೋಡಿ, ಕಾಲಿನ ನರ ಕೆಟ್ಟವರಲ್ಲಿ ಮುಂದೆ ಮರೆವಿನ ಕಾಯಿಲೆ ಉಳಿದವರಿಗಿಂತ ಒಂದಿಷ್ಟು ಹೆಚ್ಚು ಕಾಣುತ್ತದೆ ಎನ್ನತೊಡಗಿದ್ದಾರೆ. ಒಂದರಿಂದಲೇ ಇನ್ನೊಂದು ಬಂತು ಎಂದು ಅವರೂ ಆಣೆ ಮಾಡಿ ಹೇಳುವುದಿಲ್ಲ. ಗಣಪನ ತಲೆ ಹೇಗೂ ಕೆಡುವುದಿತ್ತೋ, ಕಾಲಿನಿಂದ ಕೆಟ್ಟಿತೋ, ಅದನ್ನು ಯಾವ ದೇವರೂ ಹೇಳಲಾರ. ಗಂಗಾ ಕೇಳಿದ್ದು ಪೆದ್ದು ಪ್ರಶ್ನೆಯಾಗಿರಲಿಲ್ಲ ಎಂಬಷ್ಟು ಈಗ ಗೊತ್ತಾಗಿದೆ. ಇದನ್ನು ಕಟ್ಟಿಕೊಂಡು ಅವಳೇನು ಮಾಡಬೇಕು? ಅವತ್ತು ಅವಳು ನಾಚಿಕೊಂಡು ಎದ್ದು ಬಂದಳು.

ಬಸ್ಸಿನಲ್ಲಿ ಬರುವಾಗ ಅವಳು ಯೋಚಿಸಿದ್ದು ಒಂದೇ. ನಿಲ್ಲುವುದು ಬಿಡಿಸು ಎಂದರೆ ಅಂಗಡಿ ಬಿಡಿಸು ಎಂದರ್ಥ. ಅಂಗಡಿ ಇಲ್ಲದ ಮಂಗಳವಾರ ಗಣಪ ಹೇಗಿರುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಮನೆಯೊಳಗೆ ಯಾರದೋ ಮನೆಗೆ ನೆಂಟನಾಗಿ ಬಂದವನಂತೆ ಮೂಲೆ ಹಿಡಿದು ನಿಲ್ಲುವನು, ಬಚ್ಚಲು ಎಲ್ಲಿ ಎಂದು ಕೇಳುವನು. ಅದೇ ಬುಧವಾರ ಕೈಗೆ ಕತ್ತಿ ಸಿಕ್ಕಿದರೆ ಮತ್ತೆ ಗಣಪ ಭಂಡಾರಿ. ಅವನ ಕೈಗೆ ಎಲ್ಲ ನೆನಪಿತ್ತು. ಅಲುಗು ತಿರುಗಿಸುವುದು, ಚರ್ಮ ಎಳೆದು ಹಿಡಿಯುವುದು, ಪಟಿಕದ ಕಲ್ಲು ತಿಕ್ಕುವುದು, ಒಂದೂ ತಪ್ಪಲಿಲ್ಲ. ತಪ್ಪುತ್ತಿದ್ದದ್ದು ಗಿರಾಕಿಯ ಹೆಸರು, ಮನೆ, ಅಪ್ಪ. ಕಾಲು ಉಳಿಸಲು ಹೋದರೆ ಮನುಷ್ಯ ಹೋಗುತ್ತಾನೆ, ಮನುಷ್ಯನನ್ನು ಉಳಿಸಲು ಹೋದರೆ ಕಾಲು ಹೋಗುತ್ತದೆ. ಗಂಗಾ ಮನುಷ್ಯನೇ ಇರಲಿ ಎಂದುಕೊಂಡಳು. ಕಾಲು ಹಾಳಾಗಿ ಹೋಗಲಿ, ಕುರ್ಚಿ ಒಂದು ಉಳಿಯಲಿ.

ಮಾರನೆಯ ದಿನದಿಂದ ಅವಳು ಹೂವಿನ ಬುಟ್ಟಿ ಹಿಡಿದುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತಳು. ಗಂಡಸರ ಕ್ಷೌರದಂಗಡಿಯ ಬಾಗಿಲಲ್ಲಿ ಹೆಂಗಸು! ಪೇಟೆ ಎರಡು ದಿನ ಬಾಯಿ ಬಿಟ್ಟು ನೋಡಿತು. ಮೂರನೆಯ ದಿನ ಅಬ್ಬಲಿಗೆ ಕೊಂಡುಕೊಂಡು ಹೋಯಿತು. ಅವಳು ಮಾತ್ರ ಹೂ ಕಟ್ಟುತ್ತ ಬಂದವರನ್ನೆಲ್ಲ ಗಟ್ಟಿಯಾಗಿ ಮಾತನಾಡಿಸತೊಡಗಿದಳು. "ಹೋಯ್, ಬಂದರದ ಶ್ರೀಧರಣ್ಣ ಅಲ್ದಾ? ಅಪ್ಪಯ್ಯಂಗೆ ಕಣ್ಣಿನ ಆಪ್ರೇಶನ್ ಆತಂತೆ, ಚೊಲೋ ಇದ್ರಾ?" ಒಳಗೆ ಕನ್ನಡಿಯ ಮುಂದೆ ನಿಂತ ಗಣಪನಿಗೆ ಹೆಸರೂ ಸಿಕ್ಕಿತು, ಮನೆಯೂ ಸಿಕ್ಕಿತು, ಅಪ್ಪ ಬದುಕಿದ್ದಾನೆ ಎಂಬುದೂ ಸಿಕ್ಕಿತು. ಅವನು ತಿರುಗಿ, "ಬನ್ನಿ ಶ್ರೀಧರಣ್ಣ, ಕೂತ್ಕಳಿ," ಎನ್ನುವನು. ಗಿರಾಕಿಗೆ ಏನೂ ಗೊತ್ತಾಗುತ್ತಿರಲಿಲ್ಲ.

ಜೀವನವಿಡೀ ನಾಲ್ಕು ಮಾತು ಆಡದಿದ್ದ ಗಂಗಾ ಹೀಗೆ ಊರಿನ ರೇಡಿಯೋ ಆದಳು. ಬೆಂಚಿನವರು ಅವಳನ್ನು ಹಾಗೇ ಕರೆದರು. ಗಂಗಕ್ಕನಿಗೆ ವಯಸ್ಸಾದ ಮೇಲೆ ಬಾಯಿ ಬಂತು ಎಂದು ನಕ್ಕರು. ನಗಲಿ. ಅವಳು ಬೆಳಿಗ್ಗೆ ನೀರು ತರಲು ಹೋದಲ್ಲಿ, ಮೀನು ಕೊಳ್ಳಲು ಹೋದಲ್ಲಿ ಊರಿನ ಸಾವು ಬದುಕಿನ ಸುದ್ದಿಯನ್ನೆಲ್ಲ ಕೆದಕಿ ಕೆದಕಿ ಕೇಳಿಕೊಂಡು ಬರುತ್ತಿದ್ದಳು. ಮನೆಗೆ ಹೋಗುವಾಗ ಗಂಟಲು ಒಣಗಿರುತ್ತಿತ್ತು. ಎರಡು ವರ್ಷ ಅವಳು ಹೀಗೆ ಗಂಡನ ತಲೆಯ ಕೆಲಸವನ್ನು ತನ್ನ ಬಾಯಿಯಿಂದ ಮಾಡಿದಳು. ಆ ಎರಡು ವರ್ಷ ಗಣಪ ಭಂಡಾರಿಯ ಕುರ್ಚಿ ಅವನದ್ದೇ ಆಗಿತ್ತು.

ಎರಡು ಸಾವಿರದ ಆರನೇ ಇಸವಿಯ ಮಳೆ ಬಿಟ್ಟ ಮೇಲೆ, ಕಾಲಿಗೆ ಹಚ್ಚುವ ಮುಲಾಮು ಹೊನ್ನಾವರದ ಅಂಗಡಿಗಳಲ್ಲಿ ಸಿಗಲಿಲ್ಲ. ಹುಣ್ಣು ಮತ್ತೆ ಸೋರುತ್ತಿತ್ತು, ವಾಸನೆ ಬರತೊಡಗಿತ್ತು. ಗಿರಾಕಿಗಳು ಮೂಗು ಮುಚ್ಚಿಕೊಳ್ಳುವ ಮೊದಲು ಏನಾದರೂ ಮಾಡಬೇಕು ಎಂದು ಗಂಗಾ ಬೆಳಿಗ್ಗೆಯೇ ಕುಮಟೆಗೆ ಹೊರಟಳು. "ನಾ ಬರೂವರೆಗೆ ಬರೇ ಗಡ್ಡ ಮಾಡಿ. ತಲೆಗಿಲೆ ಮುಟ್ಬೇಡಿ," ಎಂದು ಹೇಳಿದಳು. ಅವನು ಆತು ಎಂದ. ಅವನು ಎಲ್ಲದಕ್ಕೂ ಆತು ಎನ್ನುತ್ತಿದ್ದ.

ಅವಳು ಬಸ್ಸು ಹತ್ತಿದ ಹೊತ್ತಿಗೆ ಪೇಟೆಯ ಆಚೆ ಬದಿಯ ಒಬ್ಬ ಬಂದು, ಅಂಗಡಿಯ ಬಾಗಿಲಲ್ಲೇ ನಿಂತು, ತನ್ನ ಅಪ್ಪ ತೀರಿಕೊಂಡ ಸುದ್ದಿ ಹೇಳಿ ಹೋದ. ಮನೆಯ ಭಂಡಾರಿಗೆ ಮೊದಲು ಸುದ್ದಿ ಮುಟ್ಟಿಸುವುದು ಪದ್ಧತಿ. ಆ ಸುದ್ದಿ ಗಣಪನಲ್ಲಿ ಉಳಿಯಿತು. ಹೇಳಿದವನ ಮುಖ ಉಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ರಮಾನಂದ ನಾಯ್ಕ ಬಂದ. ಗುತ್ತಿಗೆ ಕೆಲಸ ಮಾಡಿಸುವವನು, ಊರಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥವನು. ಅವನ ಅಪ್ಪ ಬೀರಪ್ಪ ನಾಯ್ಕ ಮುದುಕನಾದರೂ ಗಟ್ಟಿಯಾಗಿದ್ದ. ಆ ಮನೆಗೆ ಗಣಪನ ಅಪ್ಪನ ಕಾಲದಿಂದಲೂ ಇವರೇ ಭಂಡಾರಿಗಳು. ಮಾರನೆಯ ದಿನ ರಮಾನಂದನ ಹೆಂಡತಿಯ ತಂಗಿಯ ಮದುವೆ ಭಟ್ಕಳದಲ್ಲಿತ್ತು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದಿದ್ದ ಅವನು, "ಗಣಪಣ್ಣ, ಎಲ್ಲ ಚೊಲೋ ಮಾಡಿ ತೆಗಿ ಮಾರಾಯ," ಎಂದು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ಮೆಟ್ಟಿಲ ಮೇಲೆ ಗಂಗಾ ಇರಲಿಲ್ಲ. ಬೆಂಚಿನ ಮೇಲೂ ಯಾರೂ ಇರಲಿಲ್ಲ.

ಗಣಪನ ಮನಸ್ಸಿನಲ್ಲಿ ಒಂದೇ ಸಂಗತಿ ಇತ್ತು, ಯಾರದೋ ಅಪ್ಪ ತೀರಿಕೊಂಡಿದ್ದಾನೆ. ಮಗ ಬಂದು ಕೂತಿದ್ದಾನೆ, ಎಲ್ಲ ತೆಗೆಯಲು ಹೇಳಿದ್ದಾನೆ. ಅವನು ಸೋಪು ಮುಟ್ಟಲಿಲ್ಲ. ಸತ್ತವರ ಮನೆಯವರಿಗೆ ಮಾಡುವಂತೆ ಬರೇ ನೀರು ಹಚ್ಚಿ ಮೊದಲು ಮೀಸೆ ತೆಗೆದ. ಆಮೇಲೆ ಹಣೆಯಿಂದ ನೆತ್ತಿಗೆ ಕತ್ತಿ ಎಳೆದ. ಅಷ್ಟು ಚೆನ್ನಾಗಿ, ಅಷ್ಟು ಶ್ರದ್ಧೆಯಿಂದ ಅವನು ಎಷ್ಟೋ ತಿಂಗಳಿಂದ ಕೆಲಸ ಮಾಡಿರಲಿಲ್ಲ. ಅರ್ಧ ತಲೆ ಮುಗಿದಾಗ ಬರಿಯ ನೆತ್ತಿಯ ಮೇಲೆ ತಣ್ಣೀರು ಬಿದ್ದು ರಮಾನಂದನಿಗೆ ಎಚ್ಚರವಾಯಿತು. ಕನ್ನಡಿ ನೋಡಿದ.

ಅವನ ಕೂಗು ಮೀನುಪೇಟೆಯವರೆಗೆ ಕೇಳಿಸಿತಂತೆ. ಗಂಗಾ ಬಸ್ಸಿಳಿದು ಬರುವಾಗ ಅಂಗಡಿಯ ಮುಂದೆ ಜನ ಕಿಕ್ಕಿರಿದಿದ್ದರು. ಅರ್ಧ ಬೋಳು ತಲೆಯ ರಮಾನಂದ ಗಣಪನ ಕೊರಳಪಟ್ಟಿ ಹಿಡಿದಿದ್ದ. "ನನ್ ಅಪ್ಪ ಬದ್ಕಿದ್ದ! ಬದ್ಕಿದ್ದಾಗ್ಲೇ ಕೊಂದ್ಯಲ್ಲೋ!" ಎಂದು ಒದರುತ್ತಿದ್ದ. ಗಣಪ ಮಾತ್ರ ಅವನ ಬೆನ್ನು ಸವರುತ್ತ ಸಮಾಧಾನ ಹೇಳುತ್ತಿದ್ದ. "ಅಳ್ಬೇಡಿ. ಅಪ್ಪಯ್ಯ ಪುಣ್ಯವಂತ್ರು. ನರಳದೆ ಹೋದ್ರು."

ಗಂಗಾ ಮುಲಾಮಿನ ಚೀಲ ಕೆಳಗೆ ಹಾಕಿ ರಮಾನಂದನ ಕಾಲಿಗೆ ಬಿದ್ದಳು. "ಅವ್ರಿಗೆ ನೆನಪು ಇಲ್ಲ. ತಲೆ ಸರಿ ಇಲ್ಲ. ನಾ ಮುಚ್ಚಿಟ್ಟಿದ್ದೆ, ತಪ್ಪು ನಂದು," ಎಂದು ಎಲ್ಲರೆದುರು ಹೇಳಿದಳು. ಎರಡು ವರ್ಷ ಬಾಯಿ ನೋಯಿಸಿಕೊಂಡು ಯಾವುದನ್ನು ಕಾಪಾಡಿದ್ದಳೋ ಅದನ್ನು ಅವಳೇ ಬೀದಿಯಲ್ಲಿ ಒಡೆದಳು. ಗಣಪ ಅವಳ ಕಡೆ ನೋಡಿದ. ಆ ಕ್ಷಣಕ್ಕೆ ಅವನಿಗೆ ಎಲ್ಲ ಅರ್ಥವಾದಂತಿತ್ತು. ಅರ್ಥವಾಗದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಅರ್ಧ ಬೋಳು ತಲೆಯಲ್ಲಿ ಯಾರೂ ಮನೆಗೆ ಹೋಗಲಾರರು. ರಮಾನಂದ ಟವೆಲು ಸುತ್ತಿಕೊಂಡು ಇನ್ನೊಂದು ಅಂಗಡಿಗೆ ಹೋಗಿ ಉಳಿದದ್ದನ್ನೂ ತೆಗೆಸಿದ. ಅಲ್ಲಿಯವನು ಪದ್ಧತಿಯಂತೆ, "ಅಪ್ಪಯ್ಯ ಯಾವಾಗ ಹೋದ್ರು?" ಎಂದು ಕೇಳಿ ಬೈಸಿಕೊಂಡ. ಮನೆಯಲ್ಲಿ ತಾಯಿ ಮಗನ ತಲೆ ಕಂಡು ಎದೆ ಬಡಿದುಕೊಂಡಳು. ಅದನ್ನು ಕೇಳಿದ ನೆರೆಯವರು ಬೀರಪ್ಪ ಹೋದನೆಂದೇ ತಿಳಿದು ಓಡಿ ಬಂದರೆ, ಬೀರಪ್ಪ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಮುದುಕ ಬಂದವರನ್ನೆಲ್ಲ ನೋಡಿ ನಕ್ಕ. "ನಾ ಸತ್ತ ಮೇಲೆ ಮಗ ಹೆಂಗೆ ಕಾಣ್ತ ಅಂತ ನೋಡೂ ಯೋಗ ಯಾರಿಗದೆ?" ಎಂದ. ಆ ಮನೆಯಲ್ಲಿ ನಕ್ಕವನು ಅವನೊಬ್ಬನೇ.

ಊರು ನಗಲಿಲ್ಲ. ಮಗನಿರುವ ಅಪ್ಪಂದಿರು ಆ ರಸ್ತೆಯಲ್ಲೇ ಹೋಗಬೇಡ ಎಂದು ಮಕ್ಕಳಿಗೆ ಹೇಳಿದರು. ಮೊದಲೇ ಅಪ್ಪನನ್ನು ಕಳೆದುಕೊಂಡ ಕೆಲವರು ಮಾತ್ರ ಹೆದರಿಕೆಯಿಲ್ಲದೆ ಬಂದರು, ಅವರೂ ಕುರ್ಚಿಯಲ್ಲಿ ಕಣ್ಣು ಮುಚ್ಚಲಿಲ್ಲ. ಗಂಗಾ ಮೆಟ್ಟಿಲ ಮೇಲೆ ಕೂತು ಹೆಸರು ಹಿಡಿದು ಮಾತನಾಡಿಸಿದರೆ ಈಗ ಎಲ್ಲರಿಗೂ ಅದು ಯಾಕೆಂದು ಗೊತ್ತಿತ್ತು. ಅವಳ ಸ್ವರ ತಾನಾಗಿ ತಗ್ಗಿತು. ಗಣಪ ಬೆಳಗಿನಿಂದ ಸಂಜೆಯವರೆಗೆ ಖಾಲಿ ಕುರ್ಚಿಯ ಹಿಂದೆ ನಿಂತ. ಕಾಲು ಸೋರಿತು.

ಮುಂದಿನ ಮಳೆಗಾಲದಲ್ಲಿ ಬೀರಪ್ಪ ನಾಯ್ಕ ನಿಜವಾಗಿಯೂ ತೀರಿಕೊಂಡ. ಎಂಬತ್ತು ದಾಟಿದ್ದ, ಜ್ವರ ಬಂತು, ಹೋದ. ಊರಿಗೆ ಇಷ್ಟು ಸಾಕಾಯಿತು. ಗಣಪ ಬೋಳಿಸಿದ ದಿನವೇ ಬೀರಪ್ಪನ ಆಯುಷ್ಯ ಮುಗಿದಿತ್ತು ಎಂದು ಓದು ಬಲ್ಲವರೂ ಹೇಳಿದರು. ಇಷ್ಟು ದೊಡ್ಡ ಶಕ್ತಿ ಆ ಕತ್ತಿಗಿದ್ದಿದ್ದರೆ ಗಣಪ ತನ್ನ ಕಾಲಿನ ಹುಣ್ಣನ್ನೇ ಮೊದಲು ಬೋಳಿಸಿಕೊಳ್ಳುತ್ತಿದ್ದ.

ಗಂಗಾ ಗಂಡನಿಗೆ ಸುದ್ದಿ ಹೇಳಲಿಲ್ಲ. ಆದರೂ ಅದು ಅವನಿಗೆ ಹೇಗೋ ತಲುಪಿತು. ಹನ್ನೊಂದನೆಯ ದಿನ, ಗಂಡುಮಕ್ಕಳ ತಲೆ ಬೋಳಿಸುವ ದಿನ, ಬೆಳಿಗ್ಗೆ ಅವಳು ಹಿತ್ತಲಿನಿಂದ ಬರುವಷ್ಟರಲ್ಲಿ ಅವನಿರಲಿಲ್ಲ, ಗೋಡೆಯ ಮಾಡಿನಲ್ಲಿದ್ದ ಕ್ಷೌರದ ಸಾಮಾನಿನ ತಗಡಿನ ಪೆಟ್ಟಿಗೆಯೂ ಇರಲಿಲ್ಲ. ಹೆಂಡತಿಯ ಹೆಸರು ಮರೆತವನಿಗೆ, ಉಂಡದ್ದು ಮರೆತವನಿಗೆ, ಬೀರಪ್ಪ ನಾಯ್ಕರ ಮನೆಗೆ ತಾನು ಭಂಡಾರಿ ಎಂಬುದು ಮರೆತಿರಲಿಲ್ಲ. ಗಂಗಾ ಬರಿಗಾಲಲ್ಲಿ ನದಿಯ ಕಡೆ ಓಡಿದಳು.

ಶರಾವತಿಯ ದಂಡೆಯಲ್ಲಿ ನಾಯ್ಕರ ಮನೆಯವರು ಸೇರಿದ್ದರು. ಕುಮಟೆಯಿಂದ ಕರೆಸಿದ ಭಂಡಾರಿ ಒಬ್ಬ ರಮಾನಂದನ ತಲೆಗೆ ನೀರು ಹಚ್ಚುತ್ತಿದ್ದ. ಅವರ ಎದುರು ಗಣಪ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಪೆಟ್ಟಿಗೆ ಹಿಡಿದು ನಿಂತಿದ್ದ. ಕಾಲಿನ ಪಟ್ಟಿ ಬಿಚ್ಚಿಹೋಗಿ ಹಿಂದೆ ಮರಳಿನ ಮೇಲೆ ಬಿದ್ದಿತ್ತು. "ತಡ ಆತು, ಬೇಜಾರು ಮಾಡ್ಕಳ್ಬೇಡಿ," ಎನ್ನುತ್ತಿದ್ದ.

ರಮಾನಂದ ತಲೆ ಎತ್ತಿದ. ಇವನ ಸ್ಥಿತಿ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದ. "ನಿನ್ ಕೆಲ್ಸ ನೀ ಮೊದ್ಲೇ ಮಾಡಿ ಮುಗ್ಸಿದ್ಯಲ್ಲ. ಇನ್ನೆಂತದು? ಹೋಗು."

ಯಾರೋ ಒಬ್ಬ ಕಿಸಕ್ಕನೆ ನಕ್ಕ. ಗಣಪ ಪೆಟ್ಟಿಗೆಯನ್ನು ನೆಲಕ್ಕಿಟ್ಟ. ಆಮೇಲೆ ಅದರ ಪಕ್ಕದಲ್ಲಿ, ಒದ್ದೆ ಮರಳಿನ ಮೇಲೆ, ನಿಧಾನಕ್ಕೆ ಕೂತುಬಿಟ್ಟ. ಗಂಗಾ ಬಂದು ತೋಳು ಹಿಡಿದು ಎಬ್ಬಿಸಿದರೂ ಏಳಲಿಲ್ಲ. ಇಬ್ಬರು ಗಂಡಸರು ಎತ್ತಿ ರಿಕ್ಷಾದಲ್ಲಿ ಹಾಕಿದರು. ಅವತ್ತಿನಿಂದ ಅವನು ಅಂಗಡಿಯ ಹೆಸರು ಎತ್ತಲಿಲ್ಲ, ಗಂಗಾಳೂ ಎತ್ತಲಿಲ್ಲ. ಕುರ್ಚಿಯನ್ನು ಯಾರೋ ಕೊಂಡುಹೋದರು.

ಮನೆಯ ಜಗಲಿಯ ಮೇಲೆ ಅವನು ಕೂತ. ಬೆಳಗಿನಿಂದ ಸಂಜೆಯವರೆಗೆ ಕೂತ. ಗಂಗಾ ಅವನ ಕಾಲನ್ನು ತಲೆದಿಂಬಿನ ಮೇಲೆ ಎತ್ತಿಡುವಳು, ಅವನು ಬೇಡ ಎನ್ನಲಿಲ್ಲ. ಬಿಗಿ ಪಟ್ಟಿ ಸುತ್ತುವಳು, ಬಿಚ್ಚಲಿಲ್ಲ. ಗೂಟದ ಮೇಲಿನ ಕಾಲುಚೀಲ ಹಾಕಿದಳು, ನಗಲು ಯಾರೂ ಇರಲಿಲ್ಲ. ಡಾಕ್ಟರು ಹತ್ತು ವರ್ಷದಿಂದ ಹೇಳಿದ್ದೆಲ್ಲ ಈಗ ಒಂದೂ ತಪ್ಪದೆ ನಡೆಯಿತು. ಹುಣ್ಣು ಅಂಚಿನಿಂದ ಮುಚ್ಚುತ್ತ ಬಂತು. ಬಾವು ಇಳಿಯಿತು. ಇತ್ತ ಅವನು ಮೊದಲು ಗಂಗಾಳನ್ನು ಅವ್ವಿ ಎಂದ, ಆಮೇಲೆ ನೆರೆಮನೆಯ ಹೆಂಗಸು ಎಂದ, ಆಮೇಲೆ ಏನೂ ಅನ್ನಲಿಲ್ಲ.

ಕಾಲಿಗೆ ಬಲ ಬಂದ ಮೇಲೆ ಅವನು ನಡೆಯತೊಡಗಿದ. ಹುಣ್ಣಿದ್ದಾಗ ಅಂಗಳ ದಾಟಲು ನೋಯುತ್ತಿತ್ತು. ಈಗ ಯಾವ ನೋವೂ ಇಲ್ಲ, ಯಾವ ಗುರುತೂ ಇಲ್ಲ. ಒಮ್ಮೆ ಸೇತುವೆಯ ಮೇಲೆ ಲಾರಿಗಳ ನಡುವೆ ಸಿಕ್ಕಿದ. ಒಮ್ಮೆ ಗೇರುಸೊಪ್ಪೆಯ ರಸ್ತೆಯಲ್ಲಿ, ಊರು ಬಿಟ್ಟು ಎಷ್ಟೋ ದೂರದಲ್ಲಿ, ಬಸ್ಸಿನವರು ಕಂಡು ಹತ್ತಿಸಿಕೊಂಡು ಬಂದರು. ಗಂಗಾ ಅಂಗಳದ ಬಾಗಿಲಿನ ದಣಪೆಗೆ ಹಗ್ಗ ಬಿಗಿದಳು. ಸ್ನಾನಕ್ಕೆ ಹೋದಾಗಲೂ ಅವನು ಕಾಣುವಂತೆ ಬಚ್ಚಲಿನ ಬಾಗಿಲು ತೆರೆದೇ ಇಟ್ಟಳು. ಕೆಲವೊಮ್ಮೆ ತನ್ನ ಸೀರೆಯ ಸೆರಗನ್ನು ಅವನ ಕೈಗೆ ಕಟ್ಟಿಕೊಂಡು ಅಡುಗೆ ಮಾಡಿದಳು.

ಎರಡು ಸಾವಿರದ ಒಂಬತ್ತರಲ್ಲಿ ಅವನನ್ನು ಕಾಲಿನ ತಪಾಸಣೆಗೆ ಕುಮಟೆಗೆ ಕರೆದೊಯ್ದಳು. ಡಾಕ್ಟರು ಪಂಚೆ ಸರಿಸಿ ನೋಡಿ ನಿಜವಾಗಿಯೂ ಹಿಗ್ಗಿದರು. ಪಕ್ಕದ ಕೋಣೆಯ ಸಣ್ಣ ಡಾಕ್ಟರನ್ನೂ ಕರೆದು ತೋರಿಸಿದರು. ಮುಚ್ಚಿದ ಹುಣ್ಣಿನ ಜಾಗವನ್ನು ಬೆರಳಿನಿಂದ ಒತ್ತಿದರು. ಗಣಪ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ.

"ನೋಡಿದೆಯಾ ಗಂಗಮ್ಮ? ನಾನು ಅವತ್ತೇ ಹೇಳಿರಲಿಲ್ಲವಾ? ಎಷ್ಟು ಚೆನ್ನಾಗಿ ಮಾಡಿದ್ದೀ! ಈ ಕಾಲಲ್ಲಿ ಇನ್ನು ಇಪ್ಪತ್ತು ವರ್ಷ ನಡೆಯಬಹುದು ಇವನು."

ಗಂಗಾ ಆ ಕಾಲುಗಳನ್ನು ನೋಡಿದಳು. ತೆಳ್ಳಗಾಗಿ, ಬೆಳ್ಳಗಾಗಿ, ಯಾರದೋ ಕಾಲಿನಂತಿದ್ದವು. ಹತ್ತು ವರ್ಷ ತೊಳೆದ ಕಾಲುಗಳ ಮೇಲೆ ಅವಳಿಗೆ ಸಿಟ್ಟು ಬಂತು.

"ನಡ್ದು ಎಲ್ಲಿಗೆ ಡಾಕ್ಟ್ರೆ?" ಎಂದಳು.

ಡಾಕ್ಟರು ಕೈ ತೊಳೆಯಲು ಎದ್ದರು.